ಶಾಸನಕ್ಕೆ ಓರೆಬೆಳಕು

ಕಡೂರು, ಅಜ್ಜಂಪುರಗಳಿಂದ ತರೀಕೆರೆ ಬಳಿಯ ಅಮೃತಾಪುರಕ್ಕೆ ಹೋಗುವ ನನ್ನ ಶಿಷ್ಯರಲ್ಲಿ ಒಂದು ವಿನಂತಿ. ಅಲ್ಲಿನ ಅಮೃತೇಶ್ವರ ದೇವಾಲಯ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದ್ದು, 1196ರದು. ಅಲ್ಲಿಯ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ.

ಅಕ್ಷರಗಳನ್ನು ಹತ್ತಿರದಿಂದ ಚಿತ್ರಿಸುವಾಗ ಫ್ಲ್ಯಾಶ್ ಬೇಡ. ಎದುರಿನಿಂದ ಬಿದ್ದ ಬೆಳಕು ನುಣುಪುಗಲ್ಲಿನಿಂದ ಮರಳಿ ಕ್ಯಾಮೆರಾದ ಕಣ್ಣನ್ನೇ ಕುಕ್ಕುತ್ತದೆ. ಅಕ್ಷರದ ಕುಳಿಯಲ್ಲಿ ನೆರಳು ನಿಲ್ಲುವುದಿಲ್ಲ. ನಾವು ಓದುವುದಾದರೋ ಆ ನೆರಳನ್ನೇ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಸವೆದ ಗೆರೆಯೂ ಎದ್ದು ಕಾಣುತ್ತದೆ. ಮಂಟಪದ ಹೊಳೆಯುವ ಕಂಬಗಳಿಗಾದರೆ ಬೆಳಕಿಗೆ ತೆಳು ಬಿಳಿಬಟ್ಟೆ ಅಡ್ಡ ಹಿಡಿಯಿರಿ.

ಶಾಸನಗಳಿಗೆ ಸೀಮೆಸುಣ್ಣ ಬಳಿದು ಓದುವವರಿದ್ದಾರೆ. ವೃತ್ತಿಜೀವನವಿಡೀ ಸೀಮೆಸುಣ್ಣ ಹಿಡಿದವನು ಹೇಳುತ್ತಿದ್ದೇನೆ: ಅದರ ಸ್ಥಾನ ಕರಿಹಲಗೆ. ಮುಟ್ಟದೆಯೇ ಓದಿಸುವ ಬೆಳಕಿರುವಾಗ, ಎಂಟು ಶತಮಾನ ಬಾಳಿದ ಅಕ್ಷರಗಳನ್ನು ಉಜ್ಜುವ ಹಕ್ಕು ನಮಗಿಲ್ಲ.