ಅಮ್ಮಿಯ ಬುರ್ಖಾ ಉದ್ದವಾದದ್ದು ಹೇಗೆ?



ನಾಲ್ಕು ವರ್ಷಗಳ ಹಿಂದೆ ಈದ್‌ಗೆಂದು ಬೆಳಗಾವಿಯಿಂದ ತವರುಮನೆ ಖಾನಾಪುರಕ್ಕೆ ಹೋಗಿದ್ದೆ. ಅಮ್ಮಿ ತಮ್ಮ ಬುರ್ಖಾ ತಂದು ನನ್ನ ಮುಂದಿಟ್ಟು, "ಇದರ ಅಂಚು ಮಡಚಿ ಹೊಲಿದು ಕೊಡು ಬೇಟಾ, ನೆಲ ಗುಡಿಸ್ತಾ ಇದೆ" ಎಂದರು. ಖಡೇಬಜಾರಿನಲ್ಲಿ ಬಟ್ಟೆ ಕೊಂಡು, ನಾನೇ ಅಳತೆ ಕೊಟ್ಟು ಹೊಲಿಸಿದ್ದು. ಎರಡು ಬೆರಳು ಮಡಚಿ ಹೊಲಿದೆ. ಮರುವರ್ಷ ಮತ್ತೆ ಅದೇ ಬುರ್ಖಾ, ಅದೇ ಮಾತು. ಒಗೆದಷ್ಟೂ ಬಟ್ಟೆ ಕುಗ್ಗಬೇಕು, ಇದು ಬೆಳೆಯುತ್ತಿದೆಯಲ್ಲ ಎಂದು ನಾವೆಲ್ಲ ನಕ್ಕೆವು. ಆ ನಗು ನೆನಪಾದರೆ ಈಗ ನಾಚಿಕೆಯಾಗುತ್ತದೆ. ಬುರ್ಖಾ ಇದ್ದಷ್ಟೇ ಇತ್ತು, ಕುಗ್ಗಿದ್ದು ಅಮ್ಮಿ.

ಬೆನ್ನುನೋವು ಹೆಚ್ಚಾದಾಗ ಬೆಳಗಾವಿಗೆ ಕರೆತಂದು ಎಲುಬಿನ ಡಾಕ್ಟರರಿಗೆ ತೋರಿಸಿದೆವು. ಎಕ್ಸ್‌ರೇ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಯಾವಾಗ ಬಿದ್ದಿದ್ದರು?" ಅಮ್ಮಿ ಬಿದ್ದೇ ಇರಲಿಲ್ಲ. ಒಂದು ಮಳೆಗಾಲದಲ್ಲಿ ತುಂಬಿದ ಕೊಡ ಎತ್ತುವಾಗ ಬೆನ್ನಲ್ಲಿ ಕಟಕ್ಕೆಂದಿತ್ತು, ಅಷ್ಟೆ. ಉಳುಕಿರಬೇಕೆಂದು ಮುಲಾಮು ಹಚ್ಚಿ ಎರಡು ದಿನ ಮಲಗಿಸಿದ್ದೆವು. ಆಗಲೇ ಬೆನ್ನುಮೂಳೆಯ ಒಂದು ಮಣಿ ಮುಂಭಾಗದಲ್ಲಿ ಕುಸಿದಿತ್ತು. ಇನ್ನೊಂದು ಯಾವಾಗ ಕುಸಿಯಿತೋ ಯಾರಿಗೂ ಗೊತ್ತಿಲ್ಲ.

ಇದಕ್ಕೆ ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ಎಲುಬು ಒಳಗಿಂದ ಟೊಳ್ಳಾಗುವ ರೋಗ. ಸುಮಾರು ಮೂವತ್ತರ ವಯಸ್ಸಿನವರೆಗೆ ದೇಹ ಎಲುಬಿನ ಬಲವನ್ನು ಕೂಡಿಡುತ್ತದೆ, ಆಮೇಲೆ ಖರ್ಚಿನ ಲೆಕ್ಕ. ಮುಟ್ಟು ನಿಂತ ನಂತರ ಈಸ್ಟ್ರೋಜನ್ ಇಳಿಯುವುದರಿಂದ ಹೆಂಗಸರಲ್ಲಿ ಈ ಖರ್ಚು ವೇಗವಾಗುತ್ತದೆ. ಅಂಥ ಎಲುಬು ಮುರಿಯಲು ಬೀಳಲೇಬೇಕೆಂದಿಲ್ಲ, ಬೆನ್ನು ಬಾಗಿಸಿ ಭಾರ ಎತ್ತಿದರೂ ಸಾಕು. ನಮ್ಮ ಪ್ರತಿ ಗಲ್ಲಿಯಲ್ಲೂ ಬೆನ್ನು ಬಾಗಿದ ಒಬ್ಬ ನಾನಿ ಇರುತ್ತಾರೆ. ವಯಸ್ಸಾಯಿತು, ಬಾಗಿದರು ಎಂದು ಸುಮ್ಮನಾಗುತ್ತೇವೆ. ಅವರಲ್ಲಿ ಎಷ್ಟು ಮಂದಿ ಮುರಿದ ಬೆನ್ನುಮೂಳೆಯಲ್ಲೇ ರೊಟ್ಟಿ ಬಡಿಯುತ್ತಿದ್ದಾರೋ!

ಅಂದು ಡಾಕ್ಟರರು ನನ್ನತ್ತಲೂ ತಿರುಗಿ, "ಟೀಚರ್, ನೀವೂ ಬಾಗಿಯೇ ಕುಳಿತಿದ್ದೀರಲ್ಲ" ಎಂದರು. ಮನೆಗೆ ಬಂದು ನನ್ನ ದಿನವನ್ನು ಲೆಕ್ಕ ಹಾಕಿದೆ. ಮೋಟು ಕಸಬರಿಗೆಯಿಂದ ಗುಡಿಸುವುದು, ಬಚ್ಚಲಲ್ಲಿ ಕುಕ್ಕರುಗಾಲಿನಲ್ಲಿ ಪಾತ್ರೆ, ತಗ್ಗಾದ ಕಟ್ಟೆಯ ಮೇಲೆ ಅಡುಗೆ, ಸಂಜೆ ಮಕ್ತಬಿನಲ್ಲಿ ನೆಲದ ಮೇಲಿನ ರಿಹಾಲ್, ರಾತ್ರಿ ಹಾಸಿಗೆಯ ಮೇಲೆ ಶಾಲೆಯ ನೋಟ್‌ಬುಕ್ ತಿದ್ದುವುದು, ಕೊನೆಗೆ ಮೊಬೈಲ್. ಎಲ್ಲವೂ ನನಗಿಂತ ಕೆಳಗೆ. ಮನೆ ಕಟ್ಟಿಸುವಾಗ ಅಡುಗೆಕಟ್ಟೆಯ ಎತ್ತರವನ್ನು ಗೌಂಡಿ ನಿರ್ಧರಿಸುತ್ತಾನೆ, ಯಜಮಾನರು ಹೂಂ ಎನ್ನುತ್ತಾರೆ. ಮೂವತ್ತು ವರ್ಷ ಅಲ್ಲಿ ನಿಲ್ಲುವವಳ ಮೊಣಕೈ ಎಲ್ಲಿದೆಯೆಂದು ಯಾರೂ ಅಳೆಯುವುದಿಲ್ಲ. ವಡಗಾವಿಯ ಹಳೆಯ ನೇಕಾರರು ನಮಗಿಂತ ಜಾಣರು. ಕುಣಿಮಗ್ಗದಲ್ಲಿ ಕಾಲಿಗೆಂದು ನೆಲ ತೋಡಿ, ಕುಳಿತವನ ಕೈಗೆ ಎಟಕುವಂತೆ ಬಟ್ಟೆಯನ್ನು ಇಟ್ಟುಕೊಂಡರು.

ಕಟ್ಟೆ ಒಡೆದು ಕಟ್ಟಿಸಿ ಎಂದು ನಾನು ಹೇಳುವುದಿಲ್ಲ, ಅಷ್ಟು ಹಣ ಯಾರ ಬಳಿ ಇದೆ? ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಬರುವಂತೆ ತರಕಾರಿ ಹೆಚ್ಚುವ ಮಣೆಯ ಅಡಿಗೆ ದಪ್ಪ ಹಲಗೆ ಇಡಿ. ಪಾತ್ರೆಯ ಬೋಗುಣಿಯನ್ನು ಸ್ಟೂಲಿನ ಮೇಲಿಟ್ಟು ನಿಂತು ತೊಳೆಯಿರಿ. ಉದ್ದ ಹಿಡಿಯ ಕಸಬರಿಗೆ ಕೊಳ್ಳಿ. ಮನೆಯಲ್ಲೇ ಸೀರೆಗೆ ಫಾಲ್ ಹಚ್ಚುವವರು, ಬ್ಲೌಸ್ ಹೊಲಿಯುವವರು ನನ್ನ ವಿದ್ಯಾರ್ಥಿಗಳ ತಾಯಂದಿರಲ್ಲೇ ಅನೇಕರಿದ್ದಾರೆ. ಅವರಿಗೆ ನನ್ನ ಮಾತು ಇಷ್ಟೇ: ಹೊಲಿಗೆ ಮಶೀನಿನ ಮುಂದೆ ಬೆನ್ನಿಗೆ ಆಸರೆಯಿರುವ ಕುರ್ಚಿ ಹಾಕಿ, ಅರ್ಧ ಗಂಟೆಗೊಮ್ಮೆ ಎದ್ದು ಬಾಗಿಲವರೆಗೆ ನಡೆದು ಬನ್ನಿ. ನೆಟ್ಟಗೆ ಕುಳಿತವರೂ ಏಳಬೇಕು. ಅಲ್ಲಾಡದ ಬೆನ್ನು ಹೇಗೆ ಕುಳಿತರೂ ಬಿಗಿಯುತ್ತದೆ.

ಮೊಬೈಲನ್ನು ಮುಖದ ಎತ್ತರಕ್ಕೆ ತನ್ನಿ. ನಮ್ಮ ತಲೆಯ ತೂಕ ಸುಮಾರು 5 ಕಿಲೋ. ಕುತ್ತಿಗೆಯನ್ನು 60 ಡಿಗ್ರಿ ಬಾಗಿಸಿದರೆ ಅದರ ಮೇಲೆ 27 ಕಿಲೋದಷ್ಟು ಹೊರೆ ಬೀಳುತ್ತದೆಂದು ನ್ಯೂಯಾರ್ಕಿನ ಶಸ್ತ್ರವೈದ್ಯರೊಬ್ಬರು 2014ರಲ್ಲಿ ಲೆಕ್ಕ ಹಾಕಿದ್ದರು. ಮಕ್ಕಳ ಪಾಟಿಚೀಲವನ್ನೂ ಒಮ್ಮೆ ತೂಗಿ ನೋಡಿ. ಮಗುವಿನ ತೂಕದ ಹತ್ತನೇ ಒಂದು ಭಾಗವನ್ನು ಅದು ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾಚೀಲ ನೀತಿ ಹೇಳುತ್ತದೆ.

ಮಕ್ತಬಿನಲ್ಲಿ ಈಗ ರಿಹಾಲ್‌ಗಳು ಗಿಡ್ಡ ಬೆಂಚಿನ ಮೇಲಿವೆ. ಕಂಠಪಾಠ ಮಾಡುವಾಗ ತೂಗಾಡುವ ಮಕ್ಕಳನ್ನು ಮೊದಲು ಗದರಿಸುತ್ತಿದ್ದೆ, ಈಗ ತೂಗಾಡಲು ಬಿಟ್ಟಿದ್ದೇನೆ. ಹುಡುಗರಿಗೆ ರುಕೂ ಕಲಿಸುವಾಗ ಸೊಂಟದಿಂದ ಬಾಗಿ, ಬೆನ್ನು ಹಲಗೆಯಂತೆ ಸಮ ಇರಲಿ ಎನ್ನುತ್ತೇನೆ. ಇಷ್ಟು ಕಲಿಸುವ ನಾನೇ ಮನೆಗೆ ಬಂದು ಬೆನ್ನನ್ನು ಬಿಲ್ಲು ಮಾಡಿ ಕೊಡ ಎತ್ತುತ್ತಿದ್ದೆ! ಮೊಣಕಾಲು ಮಡಚಿ, ಬೆನ್ನು ಸಮನಾಗಿಟ್ಟು, ಭಾರವನ್ನು ಮೈಗೆ ಹತ್ತಿರ ಹಿಡಿದು ಏಳಬೇಕು. ಕೊಡ ಅರ್ಧವೇ ತುಂಬಿದರೆ ಇನ್ನೂ ಒಳ್ಳೆಯದು.

ಎಲುಬಿಗೆ ಊಟವೂ ಬೇಕು. ನಮಗೆ ದಿನಕ್ಕೆ 1000 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತವರಿಗೆ 1200. ನಮ್ಮ ಕಡೆ ನಾಚಣಿ ಎನ್ನುವ ರಾಗಿಯ 100 ಗ್ರಾಂ ಹಿಟ್ಟಿನಲ್ಲಿ 350ರ ಆಸುಪಾಸು ಸಿಗುತ್ತದೆ. ಹಾಲು, ಮೊಸರು, ಎಳ್ಳು ಉಳಿದದ್ದನ್ನು ತುಂಬುತ್ತವೆ. ಆದರೆ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಅದಕ್ಕೆ ಚರ್ಮಕ್ಕೆ ನೇರ ಬಿಸಿಲು ಬೇಕು. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಈ ಕೆಲಸಕ್ಕೆ ಬಾರದು. ಪರ್ದಾ ಪಾಲಿಸುವ ನಾವು ಇದನ್ನು ಮರೆಯಬಾರದು. ಹಿತ್ತಲಲ್ಲೋ ಮಾಳಿಗೆಯ ಮರೆಯಲ್ಲೋ ಮಧ್ಯಾಹ್ನದ ಹೊತ್ತು ತೋಳು ತೆರೆದು ಅರ್ಧ ಗಂಟೆ ಕುಳಿತುಕೊಳ್ಳಿ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ರಕ್ತಪರೀಕ್ಷೆ ನೋಡಿ ಡಾಕ್ಟರರು ಹೇಳಲಿ. ವಾರಕ್ಕೆ ಒಟ್ಟು 150 ನಿಮಿಷವಾದರೂ ಬಿರುಸಾಗಿ ನಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಬೆನ್ನುನೋವಿನ ಜೊತೆ ಕಾಲು ಜೋಮು ಹಿಡಿದರೆ, ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವಯಸ್ಸಾದವರ ಬೆನ್ನನ್ನು ತಿಕ್ಕಿ, ತಿರುಚಿ, ಲಟಿಕೆ ತೆಗೆಸಬೇಡಿ.

ಅಮ್ಮಿಗೆ ಔಷಧಿ ನಡೆದಿದೆ. ಕುಸಿದ ಮಣಿ ಮತ್ತೆ ಎದ್ದು ನಿಲ್ಲುವುದಿಲ್ಲ, ಮುಂದಿನದನ್ನು ಉಳಿಸಿಕೊಳ್ಳಬಹುದು ಅಷ್ಟೆ. ಕುರ್ಚಿಯ ಮೇಲೆ ನಮಾಝ್ ಮಾಡಲು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. "ಅಲ್ಲಾಹನ ಮುಂದೆ ಕುರ್ಚಿಯಾ?" ಎಂದು ಅತ್ತರು. ನಿಲ್ಲಲಾಗದವನಿಗೆ ಕುಳಿತು, ಕೂರಲಾಗದವನಿಗೆ ಮಲಗಿ ನಮಾಝ್ ಮಾಡಲು ಪ್ರವಾದಿಯವರೇ(ಸ) ಅನುಮತಿಸಿದ ಹದೀಸನ್ನು ನೆನಪಿಸಿದೆ. ಮಗಳ ಮಾತು ಸಾಲಲಿಲ್ಲ, ಮಸೀದಿಯ ಇಮಾಮರು ಹೇಳಿದ ಮೇಲೆ ಒಪ್ಪಿದರು.

ಖಾನಾಪುರದ ಮನೆಯ ಬಾಗಿಲ ಚೌಕಟ್ಟಿನಲ್ಲಿ ನಾವು ಮಕ್ಕಳಾಗಿದ್ದಾಗ ಎತ್ತರ ಗುರುತಿಸಿದ ಗೀಟುಗಳು ಇನ್ನೂ ಇವೆ. ಅವುಗಳ ಪಕ್ಕದಲ್ಲೇ ಈಗ ಅಮ್ಮಿಯದೊಂದು, ನನ್ನದೊಂದು ಪೆನ್ಸಿಲ್ ಗೀಟು. ಯೌವನದ ಎತ್ತರಕ್ಕಿಂತ 4 ಸೆಂ.ಮೀ. ಇಳಿದಿದ್ದರೆ ಎಲುಬಿನ ಪರೀಕ್ಷೆ ಮಾಡಿಸಬೇಕಂತೆ. ನೀವೂ ನಿಮ್ಮ ತಾಯಿಯನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ ಗೀಟು ಎಳೆಯಿರಿ, ಆರು ತಿಂಗಳಿಗೊಮ್ಮೆ ನೋಡಿ.

ಈ ಸಲದ ಈದ್‌ಗೆ ಅಮ್ಮಿಯ ತಲೆ ಹಳೆಯ ಗೀಟಿಗೇ ತಾಗಿತು. ಬುರ್ಖಾ ಹೊಲಿಯಲು ಕೊಡಲಿಲ್ಲ.