ಬೋಕಿ ಅಲ್ಲೇ ಇರಲಿ

ಮಕ್ಕಳೇ, ಈ ರಜೆಯಲ್ಲಿ ಮನೆಯವರು ಎಲ್ಲಿಗಾದರೂ ಹೋಗೋಣ ಅಂದರೆ, ಬ್ರಹ್ಮಗಿರಿಗೆ ಕರ್ಕೊಂಡು ಹೋಗಿ ಅಂತ ಕೇಳಿ. ನಮ್ಮ ಬ್ರಹ್ಮಸಮುದ್ರದಿಂದ ರಾಯದುರ್ಗ ದಾಟಿ ಮೊಳಕಾಲ್ಮೂರು ಕಡೆಗೆ ಹೋದರೆ ಸಿಗುತ್ತದೆ. ಅಶೋಕನ ಶಾಸನ ಅಲ್ಲಿದೆ ಅಂತ ಸಮಾಜ ವಿಜ್ಞಾನದಲ್ಲಿ ಓದಿರುತ್ತೀರಿ. ಆದರೆ ಆ ಜಾಗ ನಮ್ಮ ವಿಜ್ಞಾನದ ಪಾಠವೂ ಹೌದು. ಒಂದೇ ಷರತ್ತು: ಖಾಲಿ ಕೈಯಲ್ಲಿ ಹೋಗಿ, ಖಾಲಿ ಕೈಯಲ್ಲೇ ಬನ್ನಿ.

ಯಾಕೆ ಅಂತೀರಾ? 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಲ್ಲಿ ಪದರ ಪದರವಾಗಿ ಅಗೆಸಿದರು. ಮೇಲಿನ ಪದರದಲ್ಲಿ, ಒಳಗಡೆ ಸುತ್ತುಸುತ್ತಾಗಿ ಚುಕ್ಕೆಗೆರೆ ಇರುವ ನಯವಾದ ತಟ್ಟೆಯ ಬೋಕಿಗಳು ಸಿಕ್ಕವು. ಅಂಥವೇ ಬೋಕಿಗಳು ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮ್ ದೇಶದ ಮಡಕೆಗಳ ಜೊತೆ ಸಿಕ್ಕಿದ್ದವು. ರೋಮ್ ಮಡಕೆಗಳ ಕಾಲ ಗೊತ್ತಿತ್ತು: ಸುಮಾರು ಕ್ರಿ.ಶ. 1ನೇ ಶತಮಾನ. ಹಾಗಾದರೆ ಈ ಪದರವೂ ಹೆಚ್ಚುಕಡಿಮೆ ಆ ಕಾಲದ್ದೇ. ಅದರ ಕೆಳಗಿದ್ದ, ಕಬ್ಬಿಣ ಬಳಸುತ್ತಿದ್ದ ಬೃಹತ್ ಶಿಲಾ ಸಮಾಧಿಗಳ ಜನ ಅದಕ್ಕಿಂತ ಹಳಬರು. ಅದಕ್ಕೂ ಕೆಳಗಿದ್ದ ಕಲ್ಲುಕೊಡಲಿಯ ಜನ ಇನ್ನೂ ಹಳಬರು. ನೋಡಿ, ಅಂಗೈಯಗಲದ ಬೋಕಿ ಇಡೀ ಊರಿನ ವಯಸ್ಸಿಗೆ ಸಾಕ್ಷಿ ಹೇಳಿತು! ಅದನ್ನು ಯಾರಾದರೂ ಮೊದಲೇ ಜೇಬಿಗೆ ಹಾಕ್ಕೊಂಡಿದ್ದರೆ?

ಇದ್ದಿಲಿನ ಕಥೆಯೂ ಹಾಗೇ. ಅದರಲ್ಲಿರುವ ಕಾರ್ಬನ್-14 ಪ್ರತಿ 5730 ವರ್ಷಕ್ಕೆ ಅರ್ಧವಾಗುತ್ತದೆ. ಉಳಿದದ್ದನ್ನು ಅಳೆದರೆ ವಯಸ್ಸು ಸಿಗುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲು, ತೆಕ್ಕಲಕೋಟೆಯಂಥ ಕಡೆ ಹೀಗೆ ಅಳೆದಾಗ, ಕಲ್ಲುಕೊಡಲಿಯ ಜನ ವೀಲರ್ ಎಣಿಸಿದ್ದಕ್ಕಿಂತ ಸಾವಿರ ವರ್ಷಕ್ಕೂ ಹೆಚ್ಚು ಹಳಬರು ಅಂತ ತಿಳಿಯಿತು. ಆದರೆ ನಿಧಿಯಾಸೆಗೆ ಯಾರೋ ಗುಂಡಿ ತೋಡಿ ಪದರ ಕಲಸಿಬಿಟ್ಟರೆ, ಇದ್ದಿಲು ಯಾವ ಕಾಲದವರ ಒಲೆಯದು ಅಂತ ಯಾವ ಯಂತ್ರವೂ ಹೇಳಲಾರದು. ನಮ್ಮ ಕಡೆ ‘ಮೋರ್ಯರ ಮನೆ’ ಅನ್ನುವ ಕಲ್ಲು ಸಮಾಧಿಗಳಲ್ಲಿ ಇರುವುದು ಮೂಳೆ, ಮಡಕೆ, ಕಬ್ಬಿಣ. ಕೊಪ್ಪರಿಗೆ ಚಿನ್ನ ಅಲ್ಲ.

ನಾನು ಮನೆಯವರೊಂದಿಗೆ ಹೋಗಿದ್ದಾಗ ನನ್ನ ಮಗಳು, “ಅಪ್ಪಾ, ಇಷ್ಟೊಂದು ಬಿದ್ದಿವೆ, ಒಂದು ತಗೊಂಡ್ರೆ ಏನಾಗುತ್ತೆ?” ಅಂದಳು. ನ್ಯಾಯವಾದ ಪ್ರಶ್ನೆಯೇ. ಆದರೆ ಬಂದವರೆಲ್ಲ ಒಂದೊಂದು ಒಯ್ದರೆ ಉಳಿಯೋದು ಬರೀ ಮಣ್ಣು.

ಚೀನಾದ ಶಿಆನ್ ಬಳಿ ಬಾನ್‌ಪೊ ಅಂತ ಆರು ಸಾವಿರ ವರ್ಷಕ್ಕೂ ಹಳೆಯ ಹಳ್ಳಿಯಿದೆ. ಅಲ್ಲೂ ಬ್ರಹ್ಮಗಿರಿಯಂತೆ ಸತ್ತ ಕೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಅಗೆದ ಜಾಗದ ಮೇಲೆಯೇ ಸೂರು ಕಟ್ಟಿ, 1958ರಲ್ಲಿ ಅದನ್ನು ವಸ್ತುಸಂಗ್ರಹಾಲಯ ಮಾಡಿದರು. ಮನೆಮಂದಿಯೆಲ್ಲ ಹೋಗಿ ನೆಲವನ್ನು ಇದ್ದಲ್ಲೇ ನೋಡಬಹುದು. ನಮ್ಮ ಬಯಲಿನಲ್ಲಿ ಚದುರಿ ಬಿದ್ದ ಇಂಥ ಜಾಗಗಳಿಗೆಲ್ಲ ಸೂರು ಕಟ್ಟಲು ಆಗಲಿಕ್ಕಿಲ್ಲ. ಇಲ್ಲಿ ಕಾವಲು ನೀವೇ.

ಹೊಲ ಉಳುವಾಗ ಕಲ್ಲುಕೊಡಲಿಯೋ ಮಡಕೆಯೋ ಕಂಡರೆ ಮುಂದೆ ಅಗೆಯಬೇಡಿ. ಪಕ್ಕದಲ್ಲಿ ಪೆನ್ನಿಟ್ಟು ಫೋಟೋ ತೆಗೆಯಿರಿ, ಜಾಗ ಬರೆದಿಡಿ, ನಿಮ್ಮ ಮೇಷ್ಟ್ರಿಗೆ ತಿಳಿಸಿ. ನೆಲದೊಳಗೆ ಸಿಕ್ಕ ಬೆಲೆಬಾಳುವ ವಸ್ತುವನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಇದೆ. ಮನೆಯಲ್ಲಿ ಅಪ್ಪನಿಗೂ ತಾತನಿಗೂ ಇದನ್ನು ಹೇಳಿ.