ಹಟ್ಟಿಗೂ ಒಂದು ಪುಸ್ತಕ ಬೇಕು

ದನದ ಮಾತು ಬಂದಾಗ ನಮ್ಮ ಊರುಗಳಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: "ಹೊತ್ತಿಗೆ ಎಷ್ಟು ಲೀಟರ್?" ಈ ಪ್ರಶ್ನೆ ತಪ್ಪಲ್ಲ. ಹಾಲಿನ ಸೊಸೈಟಿಯ ಹಣದಿಂದಲೇ ಅಕ್ಕಿ ಸಾಮಾನು, ಮಕ್ಕಳ ಫೀಸು, ಹಿರಿಯರ ಔಷಧ ನಡೆಯುವ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿ ಬೇಕಾದಷ್ಟಿವೆ. ಅಡಿಕೆಗೆ ಕೊಳೆರೋಗ ಬಡಿದ ವರ್ಷ ಆ ಮನೆಗಳ ಕೈಹಿಡಿಯುವುದು ಹಟ್ಟಿಯೇ. ಆದರೆ ಆ ಒಂದೇ ಪ್ರಶ್ನೆಗೆ ನಿಂತುಬಿಟ್ಟರೆ ನಾವು ದನವನ್ನು ಅರ್ಧ ಮಾತ್ರ ನೋಡಿದಂತೆ ಎಂಬುದು ನಮ್ಮ ಅಭಿಪ್ರಾಯ. ಹಿಂದಿನ ಕರು ಹಾಕಿ ಎಷ್ಟು ತಿಂಗಳಾಯಿತು? ಎಷ್ಟನೆಯ ಇಂಜೆಕ್ಷನ್‌ಗೆ ಗಬ್ಬ ನಿಂತಿತು? ಕೆಚ್ಚಲು ಬಾವು ಎಷ್ಟು ಸಲ ಬಂತು? ಇದರ ತಂದೆ ಯಾವ ಹೋರಿ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಟ್ಟ ಹಟ್ಟಿ ನಮಗೆ ಬಹಳ ಅಪರೂಪವಾಗಿ ಕಾಣಸಿಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ದನ ಹತ್ತು ತಿಂಗಳ ಕಾಲ ದಿನಕ್ಕೆ ಸರಾಸರಿ 12 ಲೀಟರ್ ಹಾಲು ಕೊಡುತ್ತದೆ, ಆದರೆ ಕರುವಿನಿಂದ ಕರುವಿಗೆ 20 ತಿಂಗಳು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಇನ್ನೊಂದು ದಿನಕ್ಕೆ 9 ಲೀಟರ್ ಕೊಡುತ್ತದೆ, ಆದರೆ 13 ತಿಂಗಳಿಗೊಮ್ಮೆ ಕರು ಹಾಕುತ್ತದೆ. ಐದು ವರ್ಷಗಳಲ್ಲಿ ಮೊದಲನೆಯದು ಮೂರು ಸೂಲಿನಲ್ಲಿ 10,800 ಲೀಟರ್ ಕೊಟ್ಟಿತು. ಗಬ್ಬ ನಿಲ್ಲದ ದಿನಗಳಲ್ಲಿ ಪ್ರತಿ ಸಲ ಇನ್ನೂ ನಾಲ್ಕು ತಿಂಗಳು ನಾಲ್ಕು ನಾಲ್ಕು ಲೀಟರ್ ಕರೆದೆವು ಎಂದರೂ ಒಟ್ಟು 12,240. ಎರಡನೆಯದು ಅದೇ ಐದು ವರ್ಷಗಳಲ್ಲಿ ಸುಮಾರು 12,400 ಲೀಟರ್ ಕೊಟ್ಟಿತು, ಕರುಗಳೂ ಹೆಚ್ಚು. ದೊಡ್ಡ ದನದ ಹಿಂಡಿಯ ಖರ್ಚು, ಬರಡಾಗಿ ನಿಂತ ಆರು ತಿಂಗಳ ಮೇವು, ಮತ್ತೆ ಮತ್ತೆ ಕೊಡಿಸಿದ ಇಂಜೆಕ್ಷನ್ನಿನ ಹಣ – ಇವನ್ನು ಕಳೆದು ನೋಡಿದರೆ ಯಾವ ದನ ಮನೆಯನ್ನು ಸಾಕಿತು ಎಂಬುದು ಯಾರಿಗೂ ತಿಳಿದೀತು. ಸಂತೆಯಲ್ಲಿ ಮಾತ್ರ ಮೊದಲನೆಯದಕ್ಕೇ ಹೆಚ್ಚು ಬೆಲೆ!

ದೊಡ್ಡ ದೇಶಗಳೂ ಇದೇ ಪಾಠವನ್ನು ಬೆಲೆ ತೆತ್ತು ಕಲಿತಿವೆ. ಅಮೆರಿಕದಲ್ಲಿ 1960ರಲ್ಲಿ ಒಂದು ದನ ವರ್ಷಕ್ಕೆ ಸರಾಸರಿ ಸುಮಾರು 3,200 ಕಿಲೊ ಹಾಲು ಕೊಡುತ್ತಿತ್ತು; 2020ರ ಹೊತ್ತಿಗೆ ಅದು 10,700 ಕಿಲೊ ದಾಟಿತು. ಒಳ್ಳೆಯ ಮೇವು, ಒಳ್ಳೆಯ ಆರೈಕೆಯ ಜೊತೆಗೆ ಹೋರಿಗಳ ಆಯ್ಕೆಯೂ ಇದಕ್ಕೆ ಕಾರಣ. ಆದರೆ ಹಾಲನ್ನೇ ನೋಡಿ ಆರಿಸುತ್ತ ಹೋದಂತೆ ಆ ದನಗಳಲ್ಲಿ ಗಬ್ಬ ನಿಲ್ಲುವ ಶಕ್ತಿ ಕುಂದುತ್ತ ಬಂತು. ಕೊನೆಗೆ ಅಲ್ಲಿಯ ವಿಜ್ಞಾನಿಗಳು ಹೋರಿಗಳಿಗೆ ಅಂಕ ಕೊಡುವ ಪದ್ಧತಿಯನ್ನೇ ತಿದ್ದಬೇಕಾಯಿತು. ದನ ಎಷ್ಟು ಕಾಲ ಬಾಳುತ್ತದೆ, ಅದರ ಕೆಚ್ಚಲು ಎಷ್ಟು ಆರೋಗ್ಯವಾಗಿದೆ ಎಂಬುದನ್ನು 1994ರಲ್ಲಿಯೂ, ಹೆಣ್ಣು ಸಂತತಿ ಎಷ್ಟು ಬೇಗ ಗಬ್ಬ ನಿಲ್ಲುತ್ತದೆ ಎಂಬುದನ್ನು 2003ರಲ್ಲಿಯೂ ಸೇರಿಸಿದರು. ನಾರ್ವೆ ದೇಶದವರು ಮೊದಲೇ ಎಚ್ಚೆತ್ತಿದ್ದರು. ಪ್ರತಿಯೊಂದು ದನದ ಕಾಯಿಲೆ, ಚಿಕಿತ್ಸೆಗಳನ್ನು 1975ರಿಂದಲೇ ದೇಶದಾದ್ಯಂತ ಬರೆದಿಟ್ಟು, 1978ರಲ್ಲಿ ಕೆಚ್ಚಲು ಬಾವನ್ನೂ ಹೋರಿಯ ಆಯ್ಕೆಗೆ ಸೇರಿಸಿದರು. ಅಲ್ಲಿಯ ಕೆಂಪು ದನ ಹಾಲಿನಲ್ಲಿ ಮುಂದುವರಿದರೂ ಆರೋಗ್ಯದಲ್ಲಿ ಹಿಂದೆ ಬೀಳಲಿಲ್ಲ.

ಬರೆದಿಡುವುದು ಏಕೆ ಅಷ್ಟು ಮುಖ್ಯ? ದನದಿಂದ ದನಕ್ಕೆ ಹಾಲಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ವಂಶದಿಂದ ಬರುತ್ತದೆ. ಗಬ್ಬ ನಿಲ್ಲುವ ಗುಣದಲ್ಲಿ ವಂಶದ ಪಾಲು ಸಾಮಾನ್ಯವಾಗಿ ನೂರಕ್ಕೆ ಐದಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಮೇವು, ಆರೈಕೆ, ಬೆದೆಯನ್ನು ಗುರುತಿಸುವ ಕಣ್ಣು. ಇಷ್ಟು ಸಣ್ಣ ಪಾಲನ್ನು ಒಂದೆರಡು ದನಗಳನ್ನು ನೋಡಿ ಯಾರೂ ಕಂಡುಹಿಡಿಯಲಾರರು. ಒಂದೊಂದು ಹೋರಿಯ ನೂರಾರು ಹೆಣ್ಣು ಕರುಗಳ ಲೆಕ್ಕ ಬೇಕು. ಹೋರಿ ತಾನು ಹಾಲು ಕೊಡುವುದಿಲ್ಲವಷ್ಟೆ? ಅದರ ಯೋಗ್ಯತೆ ತಿಳಿಯುವುದು ಅದರ ಹೆಣ್ಣುಮಕ್ಕಳ ಹಟ್ಟಿಯಲ್ಲಿ.

ಲೆಕ್ಕವಿದ್ದ ದೇಶದಲ್ಲೂ ಒಂದೇ ಹೋರಿಯನ್ನು ಅತಿಯಾಗಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇದೆ. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ 'ಪಾನೀ ಫಾರ್ಮ್ ಅರ್ಲಿಂಡಾ ಚೀಫ್' ಎಂಬ ಹೋಲ್‌ಸ್ಟೈನ್ ಹೋರಿಗೆ 16,000 ಹೆಣ್ಣುಮಕ್ಕಳು, ಐದು ಲಕ್ಷದಷ್ಟು ಮೊಮ್ಮಕ್ಕಳು. ಹಾಲಿನಲ್ಲಿ ಅದರ ವಂಶಕ್ಕೆ ಸಾಟಿಯಿರಲಿಲ್ಲ. ಆದರೆ ಅದರ ರಕ್ತದಲ್ಲಿ ಕಣ್ಣಿಗೆ ಕಾಣದ ಒಂದು ದೋಷವಿತ್ತು. ದೋಷ ಹೊತ್ತ ಹೋರಿಗೂ ದೋಷ ಹೊತ್ತ ದನಕ್ಕೂ ಕೂಡುವಿಕೆಯಾದಾಗ ನಾಲ್ಕರಲ್ಲಿ ಒಂದು ಭ್ರೂಣ ಗರ್ಭದಲ್ಲಿಯೇ ಸಾಯುತ್ತಿತ್ತು. ರೈತರು "ಇಂಜೆಕ್ಷನ್ ಹಿಡಿಯಲಿಲ್ಲ" ಎಂದುಕೊಂಡು ಸುಮ್ಮನಾಗುತ್ತಿದ್ದರು. ಈ ದೋಷದ ಸುಳಿವು ಸಿಕ್ಕಿದ್ದು 2011ರಲ್ಲಿ. ಜಗತ್ತಿನಾದ್ಯಂತ ಸುಮಾರು ಐದು ಲಕ್ಷ ಗರ್ಭಗಳು ಹೀಗೆ ನಷ್ಟವಾದುವೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ಅಂದಾಜಿಸಿತು. ಆ ಹೋರಿಯಿಂದ ಹಾಲಿನಲ್ಲಿ ಆದ ಲಾಭ ಈ ನಷ್ಟಕ್ಕಿಂತ ಎಷ್ಟೋ ದೊಡ್ಡದು ಎಂಬುದೂ ನಿಜ. ಆದ್ದರಿಂದ ಅಲ್ಲಿಯವರು ಆ ವಂಶವನ್ನೇ ತೊಡೆದುಹಾಕದೆ, ಪರೀಕ್ಷೆ ಮಾಡಿ, ದೋಷವುಳ್ಳವುಗಳನ್ನು ಪರಸ್ಪರ ಕೂಡಿಸದಂತೆ ನೋಡಿಕೊಂಡರು. ಇದೇ ಬುದ್ಧಿವಂತಿಕೆಯ ದಾರಿ.

ಇನ್ನು ನಮ್ಮ ನೆಲದ ಕಥೆ. ಕಾಸರಗೋಡಿನ ನಮ್ಮ ಹಿರಿಯರು ಸಾಕುತ್ತಿದ್ದುದು ಗಿಡ್ಡ ದನ. ದಿನಕ್ಕೆ ಒಂದೆರಡು ಲೀಟರ್ ಹಾಲು, ಗುಡ್ಡದ ಹುಲ್ಲೇ ಆಹಾರ. ಕೇರಳದಲ್ಲಿ 1961ರಲ್ಲಿ ಬಂದ ಜಾನುವಾರು ಅಭಿವೃದ್ಧಿ ಕಾಯಿದೆಯ ಪ್ರಕಾರ ಪರವಾನಿಗೆಯಿಲ್ಲದೆ ಹೋರಿ ಸಾಕುವಂತಿರಲಿಲ್ಲ. ಊರ ಹೋರಿಗಳ ಬೀಜ ಒಡೆಸಲಾಯಿತು. 1963ರಲ್ಲಿ ಸ್ವಿಟ್ಜರ್ಲೆಂಡ್ ದೇಶದ ಸಹಕಾರದಿಂದ ಮುನ್ನಾರ್ ಬಳಿಯ ಮಾಟ್ಟುಪೆಟ್ಟಿಯಲ್ಲಿ ಬ್ರೌನ್ ಸ್ವಿಸ್ ಹೋರಿಗಳಿಂದ ಮಿಶ್ರತಳಿಯ ಕೆಲಸ ಆರಂಭವಾಗಿ 'ಸುನಂದಿನಿ' ದನ ರೂಪುಗೊಂಡಿತು. ಇದರಿಂದ ಕೇರಳದ ಬಡ ಮನೆಗಳಲ್ಲಿ ಹಾಲು ಹರಿಯಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಇಂದು ರಾಜ್ಯದ ಹತ್ತು ದನಗಳಲ್ಲಿ ಒಂಬತ್ತಕ್ಕೂ ಹೆಚ್ಚು ಮಿಶ್ರತಳಿಯವು. ಆದರೆ ಊರ ತಳಿಗಳು ಅಳಿವಿನ ಅಂಚಿಗೆ ಬಂದವು. ವೇಚೂರು ದನವನ್ನು ಉಳಿಸಲು 1989ರಲ್ಲಿ ಮಣ್ಣುತ್ತಿಯ ಪ್ರಾಧ್ಯಾಪಕಿ ಡಾ. ಶೋಶಾಮ್ಮ ಐಪ್ ಅವರು ತಮ್ಮ ವಿದ್ಯಾರ್ಥಿಗಳೊಂದಿಗೆ ಊರೂರು ಅಲೆಯಬೇಕಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಹೀಗಿರುವಾಗ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ವಿಲಾಯಿತಿ ರಕ್ತ ಎಷ್ಟು ಹೆಚ್ಚೋ ಅಷ್ಟು ಹಾಲು" ಎನ್ನುವವರು ಒಂದು ಕಡೆ, "ಜರ್ಸಿ, ಎಚ್.ಎಫ್. ಎಲ್ಲ ಬಿಟ್ಟು ಊರ ದನಕ್ಕೇ ಹಿಂದಿರುಗಬೇಕು" ಎನ್ನುವವರು ಇನ್ನೊಂದು ಕಡೆ. ಎರಡನ್ನೂ ನಾವು ಒಪ್ಪುವುದಿಲ್ಲ. ಊರ ದನಕ್ಕೆ ಎಚ್.ಎಫ್. ಕೊಡಿಸಿದರೆ ಹುಟ್ಟುವ ಕರುವಿನಲ್ಲಿ ವಿಲಾಯಿತಿ ರಕ್ತ ಅರ್ಧ. ಅದಕ್ಕೆ ಮತ್ತೆ ಎಚ್.ಎಫ್. ಕೊಡಿಸಿದರೆ ಮುಕ್ಕಾಲು, ಮತ್ತೊಮ್ಮೆ ಕೊಡಿಸಿದರೆ ನೂರಕ್ಕೆ 87.5. ಮೊದಲ ತಲೆಮಾರಿನಲ್ಲಿ ಎರಡು ಕಡೆಯ ಒಳ್ಳೆಯ ಗುಣಗಳೂ ಕೂಡಿ ಬರುತ್ತವೆ. ಆಮೇಲೆ ರಕ್ತ ಏರಿದಂತೆಲ್ಲ ನಮ್ಮ ಸೆಕೆ, ಉಣ್ಣಿ, ಉಣ್ಣಿಜ್ವರಗಳನ್ನು ತಾಳುವ ಶಕ್ತಿ ಇಳಿಯುತ್ತದೆ. ಭಾರತದ ತಜ್ಞರು ಸಾಮಾನ್ಯವಾಗಿ 50ರಿಂದ 62.5ರ ಮಿತಿಯನ್ನು ಹೇಳುವುದು ಇದೇ ಕಾರಣಕ್ಕೆ. ಊರ ದನವೊಂದರಿಂದಲೇ ಇಂದಿನ ಸಂಸಾರದ ಖರ್ಚು ನಡೆಯದು. ಆದರೆ ಗುಡ್ಡ, ಹುಲ್ಲು ಇದ್ದವರು ಒಂದೆರಡು ಗಿಡ್ಡ ದನಗಳನ್ನು ಉಳಿಸಿಕೊಂಡರೆ ಅದು ಮುಂದಿನವರ ಬಿತ್ತನೆ ಬೀಜ ಕಾಪಾಡಿದಂತೆ.

ಆದರೆ ನಿಮ್ಮ ಹಟ್ಟಿಯ ದನದಲ್ಲಿ ಎಷ್ಟು ವಿಲಾಯಿತಿ ರಕ್ತವಿದೆ ಎಂದು ನಿಮಗೆ ಗೊತ್ತೇ? ಇಲ್ಲಿಗೇ ನಮ್ಮ ಮಾತು ಬಂದು ನಿಲ್ಲುತ್ತದೆ. ವೀರ್ಯದ ಕಡ್ಡಿಯ ಮೇಲೆ ಹೋರಿಯ ನಂಬ್ರ, ತಳಿ, ಕೇಂದ್ರದ ಗುರುತು ಮುದ್ರಿತವಾಗಿರುತ್ತದೆ. ಇಂಜೆಕ್ಷನ್ ಕೊಟ್ಟ ಮೇಲೆ ಆ ಕಡ್ಡಿ ಗೊಬ್ಬರದ ಗುಂಡಿಗೆ ಹೋಗುತ್ತದೆ. ಕೊಡುವವರಿಗೆ ಅವಸರ, ಕೊಡಿಸುವವರಿಗೆ ಸಂಕೋಚ. ಮೂರು ವರ್ಷಗಳ ಬಳಿಕ ಅದೇ ಹೋರಿಯ ಮಗಳಿಗೆ ಅದೇ ಹೋರಿಯ ವೀರ್ಯ ಬಿದ್ದರೆ ಯಾರಿಗೆ ಗೊತ್ತಾಗಬೇಕು? ನಮ್ಮ ಇಗರ್ಜಿಯಲ್ಲಿ ಮದುವೆಯ ಮಾತು ಬಂದಾಗ ಹಳೆಯ ದಾಖಲೆ ಪುಸ್ತಕ ತೆಗೆದು ಸಂಬಂಧ ಹತ್ತಿರದ್ದೋ ಎಂದು ನೋಡುತ್ತೇವೆ. ಅಜ್ಜನ ಹೆಸರು, ಅಜ್ಜಿಯ ತವರು ಎಲ್ಲ ಅಲ್ಲಿದೆ. ಮನೆ ಸಾಕುವ ದನಕ್ಕೆ ಎರಡು ಸಾಲು ಬರೆದಿಡುವುದು ನಮಗೆ ಭಾರವಾಗಬೇಕೆ?

"ಈಗ ಯಂತ್ರ ಬಂದಿದೆ, ಫಾದರ್, ರಕ್ತ ನೋಡಿ ಹೇಳುತ್ತಾರಂತೆ" ಎಂದು ನಮ್ಮ ಯುವಕರು ಹೇಳುತ್ತಾರೆ. ಸರಿಯೇ. ಕರುವಿನ ಒಂದಿಷ್ಟು ರಕ್ತ ಅಥವಾ ಕೂದಲಿನಿಂದ ಅದರ ಗುಣ ಅಂದಾಜು ಮಾಡುವ ಪದ್ಧತಿ ಅಮೆರಿಕದಲ್ಲಿ 2009ರಿಂದ ನಡೆಯುತ್ತಿದೆ. ನಮ್ಮ ದೇಶದ ದನಗಳಿಗಾಗಿ 'ಗೌ ಚಿಪ್' 2024ರಲ್ಲಿ ಬಂತು. ಆದರೆ ಚಿಪ್ಪು ತಾನಾಗಿ ಏನನ್ನೂ ತಿಳಿಯದು. ಯಾವ ರಕ್ತದ ದನ ಯಾವ ಹಟ್ಟಿಯಲ್ಲಿ ಎಷ್ಟು ಹಾಲು ಕೊಟ್ಟಿತು, ಎಷ್ಟು ಬೇಗ ಗಬ್ಬ ನಿಂತಿತು ಎಂಬ ಸಾವಿರಾರು ಲೆಕ್ಕಗಳಿಂದಲೇ ಅದು ಪಾಠ ಕಲಿಯಬೇಕು. ಚಳಿದೇಶದ ಲೆಕ್ಕದಿಂದ ಕಲಿತದ್ದು ನಮ್ಮ ಮೇ ತಿಂಗಳ ಸೆಕೆಯ ಬಗ್ಗೆ ಏನು ಹೇಳೀತು? ಲೆಕ್ಕ ನಮ್ಮ ಹಟ್ಟಿಯಿಂದಲೇ ಹೋಗಬೇಕು.

ಈ ಪುಸ್ತಕದಿಂದ ಮನೆಯವರ ಆರೋಗ್ಯಕ್ಕೂ ಪ್ರಯೋಜನವಿದೆ. ದನ ತುಂಬಿದ ತಿಂಗಳಲ್ಲಿ ಕಂದು ಹಾಕಿದರೆ ಅದನ್ನು ತಪ್ಪದೆ ಬರೆಯಿರಿ, ಪಶುವೈದ್ಯರಿಗೆ ತಿಳಿಸಿರಿ. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಹಸಿ ಹಾಲಿನಿಂದಲೂ, ಕಂದನ್ನು, ಮಾಸನ್ನು ಬರಿಗೈಯಲ್ಲಿ ಮುಟ್ಟುವುದರಿಂದಲೂ ಮನುಷ್ಯರಿಗೆ ತಗಲುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಗಂಟುನೋವು ಅದರ ಲಕ್ಷಣ. ಅಂಥ ಜ್ವರ ಬಂದಾಗ ಡಾಕ್ಟರರ ಹತ್ತಿರ "ನಮ್ಮ ಹಟ್ಟಿಯಲ್ಲಿ ದನ ಕಂದು ಹಾಕಿತ್ತು" ಎಂಬ ಒಂದು ಮಾತು ಹೇಳಿದರೆ ರೋಗ ಗುರುತಿಸಲು ಎಷ್ಟೋ ಸುಲಭ. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಂದೇ ಸಲ ಹಾಕುವ ಲಸಿಕೆ ಇದೆ. ಕರು ಹುಟ್ಟಿದ ದಿನಾಂಕ ಬರೆದಿಡದಿದ್ದರೆ ಆ ನಾಲ್ಕು ತಿಂಗಳು ಕೈತಪ್ಪಿ ಹೋಗುತ್ತದೆ.

ನಾವು ಕೇಳುವುದು ದೊಡ್ಡದೇನಲ್ಲ. ಶಾಲೆಯ ಮಕ್ಕಳ ಒಂದು ನೋಟುಪುಸ್ತಕ ಸಾಕು. ಒಂದು ದನಕ್ಕೆ ಒಂದು ಪುಟ. ಮೇಲ್ಭಾಗದಲ್ಲಿ ಕಿವಿಯ ಬಿಲ್ಲೆಯ 12 ಅಂಕಿಗಳು, ತಾಯಿಯ ಹೆಸರು, ತಂದೆ ಹೋರಿಯ ನಂಬ್ರ. ಕೆಳಗೆ ಬೆದೆಗೆ ಬಂದ ದಿನ, ಇಂಜೆಕ್ಷನ್ ಕೊಡಿಸಿದ ದಿನ ಮತ್ತು ಕಡ್ಡಿಯ ನಂಬ್ರ, ಕರು ಹಾಕಿದ ದಿನ, ಕೆಚ್ಚಲು ಬಾವು ಬಂದ ದಿನ, ಕೊಟ್ಟ ಔಷಧ. ತಿಂಗಳಿಗೆ ಒಂದು ದಿನ ಬೆಳಗ್ಗೆ, ಸಂಜೆಯ ಹಾಲಿನ ಅಳತೆ. ಬೆದೆ 21 ದಿನಗಳಿಗೊಮ್ಮೆ ಬರುವುದರಿಂದ ಮುಂದಿನ ಬೆದೆ ಯಾವಾಗ ಎಂದು ಪುಸ್ತಕವೇ ಹೇಳುತ್ತದೆ. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು ನಷ್ಟ. ಇಂಜೆಕ್ಷನ್ ಕೊಟ್ಟವರ ಹತ್ತಿರ ಕಡ್ಡಿ ಕೇಳಿ ತೆಗೆದುಕೊಳ್ಳಲು ಸಂಕೋಚ ಬೇಡ. ಅದು ನಿಮ್ಮ ಹಕ್ಕು.

ಹಟ್ಟಿಯ ಲೆಕ್ಕವೆಲ್ಲ ಈಗ ಹೆಚ್ಚಾಗಿ ಮನೆಯ ಅಮ್ಮಂದಿರ ತಲೆಯಲ್ಲಿದೆ. ಯಾವ ದನ ಎಂದು ಬೆದೆಗೆ ಬಂತು, ಯಾವುದು ಮೇವು ಬಿಟ್ಟಿತು ಎಂಬುದು ಅವರಿಗೇ ಗೊತ್ತು. ಅವರು ಹೇಳಲಿ, ಶಾಲೆಗೆ ಹೋಗುವ ಮಗ ಅಥವಾ ಮಗಳು ಬರೆಯಲಿ. ಬರೆದ ಪುಸ್ತಕವನ್ನು ಹಟ್ಟಿಯಲ್ಲಿ ಇಲಿಗೆ, ನೀರಿಗೆ ಸಿಗದಂತೆ ಒಂದು ಡಬ್ಬಿಯಲ್ಲಿಟ್ಟು ಗೂಟಕ್ಕೆ ತೂಗುಹಾಕಿರಿ. ಮುಂದಿನ ಕರು ಹುಟ್ಟುವ ಮೊದಲೇ ಇದು ಆಗಲಿ.